ಮೀನಿನ ಹೆಜ್ಜೆ

ಮೀನಿನ ಹೆಜ್ಜೆಯನ್ನು ಕಂಡವರಿಲ್ಲ ಎಂಬುದು ಕನ್ನಡದ ಹಳೆಯ ಮಾತು. ಕಾಡಿನಲ್ಲಿ ನಡೆದ ಹುಲಿಯ ಹೆಜ್ಜೆ ಕೆಸರಿನಲ್ಲಿ ಉಳಿಯುತ್ತದೆ. ಹಾವು ಹರಿದ ಗುರುತು ಧೂಳಿನಲ್ಲಿ ನಿಲ್ಲುತ್ತದೆ. ಮೀನು ಮಾತ್ರ ಬಂದ ದಾರಿಯನ್ನು ತನ್ನ ಬಾಲದಿಂದಲೇ ಅಳಿಸಿಕೊಂಡು ಹೋಗುತ್ತದೆ. ತಿಳಿಯಲಾಗದ ಮನಸ್ಸಿಗೆ, ಹಿಡಿಯಲಾಗದ ಮರ್ಮಕ್ಕೆ ಹಿರಿಯರು ಈ ಹೋಲಿಕೆಯನ್ನು ಕೊಟ್ಟದ್ದು ಅದಕ್ಕಾಗಿಯೇ. ಗಾಳ ಹಾಕಿ ದಡದಲ್ಲಿ ಕುಳಿತವನಿಗಂತೂ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವನ ಕಣ್ಣಿನ ಅಧಿಕಾರ ನೀರಿನ ಮೇಲ್ಮೈಯಲ್ಲಿಯೇ ಮುಗಿದುಹೋಗುತ್ತದೆ. ಅದರ ಕೆಳಗಿನ ಸಮಾಚಾರವೆಲ್ಲ ಒಂದು ಸಣ್ಣ ದಾರದ ಮೂಲಕ ಅವನ ಬೆರಳಿಗೆ ತಲಪಬೇಕು. ತಲಪಿದರೆ ತಲಪಿತು, ಇಲ್ಲವಾದರೆ ಇಲ್ಲ.

ಈ ಅವಸ್ಥೆ ಎಲ್ಲಕ್ಕಿಂತ ಕಠಿನವಾಗುವುದು ಸರೋವರಗಳು ಹೆಪ್ಪುಗಟ್ಟುವ ನಾಡುಗಳಲ್ಲಿ. ಅಲ್ಲಿ ಬೇಟೆಗಾರನಿಗೂ ಮೀನಿಗೂ ನಡುವೆ ನೀರಲ್ಲದೆ ಒಂದು ಮೊಳ ದಪ್ಪದ ಮಂಜುಗಡ್ಡೆಯೂ ಬಂದು ಕೂಡುತ್ತದೆ. ನೀರು ಕಾಣದು, ಅಲೆ ಕಾಣದು, ಮೀನು ಹಾರಿದ ಸದ್ದೂ ಕೇಳಿಸದು. ವಿಚಿತ್ರವೆಂದರೆ, ಮೀನಿನ ಹೆಜ್ಜೆಯನ್ನು ಕಂಡೇ ತೀರಬೇಕೆಂಬ ಹಟ ಮನುಷ್ಯನಲ್ಲಿ ಬಲವಾಗಿ ಹುಟ್ಟಿದ್ದೂ ಅಂಥ ಕಡೆಯಲ್ಲಿಯೇ.

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದಂಚಿನಲ್ಲಿರುವ ಮಿನೆಸೋಟ ರಾಜ್ಯವನ್ನು ಹತ್ತು ಸಾವಿರ ಸರೋವರಗಳ ನಾಡೆಂದು ಕರೆಯುವುದು ವಾಡಿಕೆ. ಇದರಲ್ಲಿ ಕವಿಯ ಉತ್ಪ್ರೇಕ್ಷೆಯೇನೂ ಇಲ್ಲ. ಬದಲಿಗೆ ಲೆಕ್ಕಿಗನ ಸಂಕೋಚವಿದೆ. ಹತ್ತು ಎಕರೆಗಿಂತ ದೊಡ್ಡ ಸರೋವರಗಳನ್ನಷ್ಟೇ ಎಣಿಸಿದರೂ ಅವುಗಳ ಸಂಖ್ಯೆ 11,842. ಇವುಗಳಲ್ಲಿ ಪ್ರಖ್ಯಾತವಾದ ಮಿಲ್ ಲ್ಯಾಕ್ಸ್ ಸರೋವರದ ವಿಸ್ತಾರ ಸುಮಾರು 1,32,500 ಎಕರೆ. ಆದರೆ ಆಳ ಮಾತ್ರ ಎಲ್ಲಿಯೂ 42 ಅಡಿಯನ್ನು ಮೀರುವುದಿಲ್ಲ. ಚಳಿಗಾಲ ನೆಲೆನಿಂತಿತೆಂದರೆ ಈ ನೀರಿನ ಬಯಲು ಗಟ್ಟಿ ನೆಲವಾಗಿ ಮಾರ್ಪಡುತ್ತದೆ. ಅದರ ಮೇಲೆ ಮರದ ಪುಟ್ಟ ಪುಟ್ಟ ಗುಡಿಸಲುಗಳು ಸಾವಿರಗಟ್ಟಲೆ ಏಳುತ್ತವೆ. ಗುಡಿಸಲುಗಳ ನಡುವೆ ಹಿಮವನ್ನು ಗೋರಿ ಮಾಡಿದ ದಾರಿಗಳು, ದಾರಿಗಳ ಮೇಲೆ ಮೋಟಾರು ವಾಹನಗಳು. ಚಳಿಗಾಲದ ಕೊನೆಯವರೆಗೆ ಮಾತ್ರ ಬಾಳುವ ಊರು ಅದು. ವಸಂತ ಸಮೀಪಿಸಿದಂತೆ ಕಾನೂನಿನ ಗಡುವಿನೊಳಗೆ ಎಲ್ಲರೂ ತಮ್ಮ ತಮ್ಮ ಮನೆಗಳನ್ನು ಎಳೆದುಕೊಂಡು ದಡ ಸೇರಬೇಕು.

ಹೆಪ್ಪುಗಟ್ಟಿದ ಕೆರೆಯ ಮೇಲೆ ಮನೆ ಕಟ್ಟುವುದೆಂದರೆ ದಕ್ಷಿಣದ ಬಿಸಿಲಿನಲ್ಲಿ ಬೆಳೆದವರ ಎದೆ ಝಲ್ಲೆನ್ನುವುದು ಸಹಜ. ಆದರೆ ಅಲ್ಲಿನವರು ಇದನ್ನು ಧೈರ್ಯದ ಮಾತಾಗಿ ಭಾವಿಸದೆ ಅಳತೆಯ ಮಾತಾಗಿ ಭಾವಿಸುತ್ತಾರೆ. ಹೊಸದಾದ, ತಿಳಿಯಾದ ಮಂಜುಗಡ್ಡೆ ನಾಲ್ಕು ಅಂಗುಲ ದಪ್ಪವಿದ್ದರೆ ಮನುಷ್ಯ ನಡೆಯಬಹುದು. ಸಣ್ಣ ಕಾರು ಹೋಗಬೇಕಾದರೆ ಒಂಬತ್ತು ಹತ್ತು ಅಂಗುಲ ಬೇಕು. ಅದರೊಡನೆಯೇ, ಯಾವ ಮಂಜುಗಡ್ಡೆಯೂ ಸಂಪೂರ್ಣವಾಗಿ ನಂಬಿಕೆಗೆ ಅರ್ಹವಲ್ಲವೆಂಬ ಎಚ್ಚರಿಕೆಯನ್ನೂ ಅಲ್ಲಿನ ಅಧಿಕಾರಿಗಳು ಪ್ರತಿ ವರ್ಷವೂ ಸಾರುತ್ತಾರೆ. ಬುದ್ಧಿವಂತರು ಕೇಳುತ್ತಾರೆ, ಉಳಿದವರಲ್ಲಿ ಕೆಲವರು ನೀರಿಗೆ ಬಿದ್ದ ಮೇಲೆ ನೆನಪಿಸಿಕೊಳ್ಳುತ್ತಾರೆ.

ಬೇಟೆಯ ಸಾಧನಗಳು ಸರಳ. ಗಡ್ಡೆಯಲ್ಲಿ ರಂಧ್ರ ಕೊರೆಯಲು ದೊಡ್ಡದೊಂದು ಬೈರಿಗೆ. ರಂಧ್ರ ಎಂಟು ಅಂಗುಲ ಅಗಲವಿದ್ದರೆ ಸಾಕು. ಅದರ ಮೇಲೆ ತೇಲುವ ಹಿಮದ ಚೂರುಗಳನ್ನು ತೆಗೆಯಲು ತೂತುಗಳುಳ್ಳ ಒಂದು ಸೌಟು; ಬೋಂಡ ಕರಿಯುವ ಗೃಹಿಣಿಯರಿಗೆ ಇದು ಪರಿಚಿತ ವಸ್ತುವೇ. ಕುಳಿತಲ್ಲಿಂದಲೇ ರಂಧ್ರದೊಳಕ್ಕೆ ದಾರ ಇಳಿಬಿಡಬೇಕಾದ್ದರಿಂದ ಎರಡು ಮೂರು ಅಡಿಯ ಗಿಡ್ಡ ಕೋಲು. ಕೂದಲೆಳೆಯಂಥ ದಾರ. ಅದರ ತುದಿಗೆ ಬಣ್ಣ ಬಳಿದ ಸಣ್ಣ ಲೋಹದ ಗುಂಡನ್ನು ಹೊತ್ತ ಗಾಳ. ಗಾಳಕ್ಕೆ ಒಂದು ಪುಟ್ಟ ಮರಿಮೀನೋ, ಜೇನುಗೂಡಿಗೆ ಪಿಡುಗಾದ ಮೇಣದ ಪತಂಗದ ಹುಳುವೋ ಎರೆ. ಸಣ್ಣ ಮೀನುಗಳಿಗೆ ಹಾಕುವ ಇಂಥ ಗಾಳ ಒಂದು ಗ್ರಾಮಿಗಿಂತಲೂ ಹಗುರವಾಗಿರಬಹುದು. ಇಷ್ಟನ್ನು ಸಿದ್ಧಪಡಿಸಿಕೊಂಡ ಮೇಲೆ ಮಾಡಬೇಕಾದ ಕೆಲಸ ಒಂದೇ: ಕಾಯುವುದು.

ಈ ಕಾಯುವಿಕೆಯಲ್ಲಿ ಬೇಟೆಗಾರನ ಪರೀಕ್ಷೆ. ಗುಡಿಸಲಿನಲ್ಲಿ ಸಣ್ಣದೊಂದು ಒಲೆ ಉರಿಯುತ್ತಿದ್ದರೂ ದಾರ ಹಿಡಿದ ಬೆರಳುಗಳು ಮರಗಟ್ಟುತ್ತವೆ. ಒಂದು ಗಂಟೆ ಕಳೆಯುತ್ತದೆ. ಎರಡು ಗಂಟೆ ಕಳೆಯುತ್ತದೆ. ಕೊನೆಗೊಮ್ಮೆ ದಾರ ಮೇಲೆಳೆದು ನೋಡಿದರೆ ಗಾಳದ ಎರೆ ಅರ್ಧ ಮಾಯವಾಗಿರುತ್ತದೆ! ತಿಂದವರಾರು? ತಿಂದದ್ದು ಯಾವಾಗ? ಮೀನು ಬಂದಿತ್ತು, ಬಾಯಿಟ್ಟಿತ್ತು, ಬೇಡವೆಂದು ಹೋಗಿತ್ತು. ಇಷ್ಟೆಲ್ಲ ನಡೆದರೂ ಬೆರಳಿಗೆ ಒಂದಿನಿತೂ ಸುದ್ದಿಯಿಲ್ಲ. ಇಂಥ ಕಚ್ಚುವಿಕೆಯನ್ನು ಆ ನಾಡಿನವರು ‘ಲೈಟ್ ಬೈಟ್’ ಎನ್ನುತ್ತಾರೆ. ಕನ್ನಡದಲ್ಲಿ ಮೆಲುಗಚ್ಚು ಎನ್ನಬಹುದು.

ಮೀನು ಇಷ್ಟು ಮೆಲ್ಲಗೆ ಕಚ್ಚುವುದಾದರೂ ಏಕೆ? ಅದಕ್ಕೆ ಉತ್ತರ ನೀರಿನ ಸ್ವಭಾವದಲ್ಲಿದೆ. ನೀರು ಅತ್ಯಂತ ಸಾಂದ್ರವಾಗಿರುವುದು ಸುಮಾರು ನಾಲ್ಕು ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲಕ್ಕೇರುತ್ತದೆ. ಹೆಪ್ಪುಗಟ್ಟಿದ್ದು ಇನ್ನೂ ಹಗುರವಾಗಿ ತೇಲುತ್ತದೆ. ಆದ್ದರಿಂದಲೇ ಸರೋವರ ಬುಡದಿಂದ ಹೆಪ್ಪುಗಟ್ಟದೆ ಮೇಲಿನಿಂದ ಹೆಪ್ಪುಗಟ್ಟುತ್ತದೆ. ತಳದಲ್ಲಿ ನಾಲ್ಕು ಡಿಗ್ರಿಯ ಆಸುಪಾಸಿನ ನೀರು ಉಳಿದು ಮೀನುಗಳು ಬದುಕುತ್ತವೆ. ಪ್ರಕೃತಿಯ ಈ ಒಂದು ಅಪವಾದವಿಲ್ಲದಿದ್ದರೆ ಉತ್ತರದ ಸರೋವರಗಳಲ್ಲಿ ಮೀನೂ ಇಲ್ಲ, ಬೇಟೆಯೂ ಇಲ್ಲ. ಆದರೆ ಬದುಕುವುದು ಬೇರೆ, ಚುರುಕಾಗಿ ಬದುಕುವುದು ಬೇರೆ. ಮೀನಿನ ಮೈಯ ಶಾಖ ಸುತ್ತಣ ನೀರಿನ ಶಾಖದೊಡನೆ ಇಳಿಯುತ್ತದೆ; ಜೀರ್ಣಶಕ್ತಿ ಕುಗ್ಗುತ್ತದೆ, ಹಸಿವು ಮಂದವಾಗುತ್ತದೆ. ಬೇಸಿಗೆಯಲ್ಲಿ ಎರೆಯ ಮೇಲೆ ಎರಗುತ್ತಿದ್ದ ಮೀನು ಚಳಿಗಾಲದಲ್ಲಿ ಮದುವೆಯ ಮನೆಯ ಮೂರನೆಯ ಪಂಕ್ತಿಯ ಅತಿಥಿಯಂತೆ ನಿಧಾನವಾಗಿ ಬಂದು, ಎಲೆಯನ್ನು ನೋಡಿ, ಉಣ್ಣಲೋ ಬೇಡವೋ ಎಂದು ಯೋಚಿಸುತ್ತದೆ.

ಇನ್ನೊಂದು ಕಾರಣವಿದೆ. ಮೀನು ಕಚ್ಚುತ್ತದೆ ಎಂಬ ಮಾತೇ ಬಹುಮಟ್ಟಿಗೆ ತಪ್ಪು. ಪರ್ಚ್, ಬ್ಲೂಗಿಲ್, ಕ್ರಾಪಿ ಮೊದಲಾದ ಮೀನುಗಳು ಆಹಾರವನ್ನು ಕಚ್ಚುವುದಕ್ಕಿಂತ ಹೆಚ್ಚಾಗಿ ಹೀರುತ್ತವೆ. ಬಾಯಿಯನ್ನೂ ಗಂಟಲಿನ ಗೂಡನ್ನೂ ತಟ್ಟನೆ ಹಿಗ್ಗಿಸಿದೊಡನೆ ಸುತ್ತಣ ನೀರು ಒಳಕ್ಕೆ ನುಗ್ಗುತ್ತದೆ, ನೀರಿನೊಡನೆ ಎರೆಯೂ ಹೋಗುತ್ತದೆ. ನೀರು ಕಿವಿರುಗಳ ಮೂಲಕ ಹೊರಬೀಳುತ್ತದೆ. ಬೆಚ್ಚನೆಯ ನೀರಿನಲ್ಲಿ ಬ್ಲೂಗಿಲ್ ಮೀನು ಇದನ್ನು ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಕಾಲದಲ್ಲಿ ಮಾಡಿ ಮುಗಿಸುತ್ತದೆ. ಬಾಯೊಳಗೆ ಬಂದದ್ದು ಹುಳುವಲ್ಲ, ಲೋಹ ಎಂದು ತಿಳಿಯಿತೋ, ಬಂದ ದಾರಿಯಲ್ಲಿಯೇ ಉಗುಳಿಬಿಡುತ್ತದೆ. ಈ ಹೀರುವಿಕೆಯಲ್ಲಾಗಲಿ ಉಗುಳುವಿಕೆಯಲ್ಲಾಗಲಿ ದಾರವನ್ನು ಜಗ್ಗುವ ಪ್ರಸಂಗವೇ ಇಲ್ಲ. ಎಷ್ಟೋ ಸಲ ಮೀನು ಕೆಳಗಿನಿಂದ ಬಂದು ಎರೆಯನ್ನು ತೆಗೆದುಕೊಂಡು ತುಸು ಮೇಲಕ್ಕೇರುತ್ತದೆ. ಆಗ ದಾರ ಬಿಗಿಯಾಗುವ ಬದಲು ಸಡಿಲವಾಗುತ್ತದೆ. ಜಗ್ಗಿದರೆ ತಿಳಿಯುವಂತೆ ಪಳಗಿದ ಬೆರಳಿಗೆ ಸಡಿಲವಾದದ್ದು ಹೇಗೆ ತಿಳಿಯಬೇಕು? ಜೊತೆಗೆ ನೈಲಾನಿನ ದಾರ ತುಸು ಹಿಗ್ಗುವ ಸ್ವಭಾವದ್ದು; ಚಳಿಯಲ್ಲಿ ಉರುಳೆಯ ಸುರುಳಿಯನ್ನು ಮರೆಯದೆ ನೀರಿನಲ್ಲಿಯೂ ಸುತ್ತಿಕೊಂಡೇ ಇರುವಂಥದ್ದು. ಕೆಳಗಿನ ಸುದ್ದಿಯೆಲ್ಲ ಆ ಸುರುಳಿಗಳಲ್ಲಿಯೇ ಸೋರಿಹೋಗುತ್ತದೆ.

ಈ ಸೋರಿಕೆಯನ್ನು ತಡೆಯಲು ಮನುಷ್ಯ ಪಟ್ಟ ಪಾಡು ಒಂದೆರಡಲ್ಲ. ದಾರಕ್ಕೆ ಬೆಂಡು ಕಟ್ಟಿದ; ಬೆಂಡು ಮುಳುಗಿದರೆ ಮೀನು ಬಂದಿತೆಂದು ತಿಳಿದ. ಬೆಂಡನ್ನು ಮುಳುಗಿಸುವಷ್ಟು ಶಕ್ತಿಯನ್ನೂ ಮೀನು ವ್ಯಯಮಾಡದೆಂದು ಕಂಡಾಗ ಕೋಲಿನ ತುದಿಗೆ ಕೂದಲಿನಂಥ ಉಕ್ಕಿನ ತಂತಿಯನ್ನು ಸೇರಿಸಿದ. ಗಾಳದ ಭಾರಕ್ಕೆ ಬಾಗಿ ನಿಂತ ಆ ತಂತಿ, ಮೀನು ಎರೆಯನ್ನು ಎತ್ತಿಕೊಂಡಾಗ ಭಾರ ತಪ್ಪಿ ನೆಟ್ಟಗಾಗುತ್ತದೆ. ಹೀಗೆ ಸಡಿಲಕ್ಕೂ ಒಂದು ಸಂಜ್ಞೆ ದೊರೆಯಿತು. 1950ರ ದಶಕದ ಕೊನೆಗೆ ಹವ್ಯಾಸಿ ಮೀನುಗಾರರ ಕೈಗೆ ಪ್ರತಿಧ್ವನಿಯ ಯಂತ್ರ ಬಂದಿತು. ನೀರಿನೊಳಕ್ಕೆ ಶಬ್ದದ ಮಿಡಿತಗಳನ್ನು ಕಳಿಸಿ, ಅವು ತಳಕ್ಕೋ ಮೀನಿಗೋ ಬಡಿದು ಮರಳುವ ಕಾಲವನ್ನು ಅಳೆದು, ಗೆರೆಯಾಗಿ ತೋರಿಸುವ ಯಂತ್ರವದು. ಈಗಲೂ ಮಂಜುಗಡ್ಡೆಯ ಮೇಲೆ ಅದರ ಸಂತತಿಯವೇ ದುಂಡನೆಯ ಮುಖದಲ್ಲಿ ಕೆಂಪು ಹಸುರು ಗೆರೆಗಳನ್ನು ಮಿನುಗಿಸುತ್ತಿರುತ್ತವೆ. ಒಂದು ಗೆರೆ ತಳ, ಒಂದು ಗೆರೆ ಗಾಳ, ನಡುವೆ ಏಳುತ್ತಾ ಬಂದ ಮೂರನೆಯ ಗೆರೆ ಮೀನು. ಆದರೆ ಗೆರೆಗೆ ಮುಖವಿಲ್ಲ. ಅದು ಯಾವ ಜಾತಿ, ಬಾಯಿ ತೆರೆಯಿತೋ ಇಲ್ಲವೋ ಎಂಬುದನ್ನು ಗೆರೆ ಹೇಳದು.

ಕೈಯಿಂದ ನೀರಿನ ಆಳವನ್ನು ಓದುವ ವಿದ್ಯೆ ಎಷ್ಟು ಸೂಕ್ಷ್ಮವಾಗಬಲ್ಲುದೆಂಬುದಕ್ಕೆ ಅಮೆರಿಕದ ಸಾಹಿತ್ಯದಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಮ್ಯಾಸಚೂಸೆಟ್ಸಿನ ವಾಲ್ಡನ್ ಕೊಳದ ದಡದಲ್ಲಿ ಗುಡಿಸಲು ಕಟ್ಟಿಕೊಂಡು ವಾಸವಾಗಿದ್ದ ಹೆನ್ರಿ ಡೇವಿಡ್ ಥೋರೋ, 1846ರ ಆದಿಭಾಗದಲ್ಲಿ, ಹೆಪ್ಪುಗಟ್ಟಿದ ಕೊಳದ ಮೇಲೆ ನೂರಕ್ಕೂ ಹೆಚ್ಚು ಕಡೆ ಆಳ ಅಳೆದ. ಆ ಕೊಳಕ್ಕೆ ತಳವೇ ಇಲ್ಲವೆಂದು ಸುತ್ತಣ ಜನ ನಂಬಿದ್ದರು. ಥೋರೋ ಬಳಸಿದ್ದು ಮೀನು ಹಿಡಿಯುವ ದಾರ ಮತ್ತು ಸುಮಾರು ಒಂದೂವರೆ ಪೌಂಡು ತೂಕದ ಒಂದು ಕಲ್ಲು. ತಳದಲ್ಲಿ ಕುಳಿತ ಕಲ್ಲಿನ ಅಡಿಗೆ ನೀರು ಹೋಗಿಲ್ಲವಾದ್ದರಿಂದ ಅದನ್ನು ಎತ್ತುವಾಗ ಕೈಗೆ ಹೆಚ್ಚು ಭಾರ. ತಳ ಬಿಟ್ಟೊಡನೆ ನೀರು ಅಡಿಗೆ ನುಗ್ಗಿ ಭಾರ ಇಳಿಯುತ್ತದೆ. ಈ ವ್ಯತ್ಯಾಸವೊಂದನ್ನೇ ಹಿಡಿದು ಅವನು ತಳವನ್ನು ಗುರುತಿಸಿದ. 102 ಅಡಿ ಅತ್ಯಧಿಕ ಆಳವೆಂದು ನಿರ್ಣಯಿಸಿದ. 1854ರಲ್ಲಿ ಪ್ರಕಟವಾದ ‘ವಾಲ್ಡನ್’ ಗ್ರಂಥದಲ್ಲಿ ಈ ವೃತ್ತಾಂತವಿದೆ. ಆದರೆ ಕಲ್ಲು ಒಂದೂವರೆ ಪೌಂಡು. ಮೆಲುಗಚ್ಚು ಒಂದು ಉಸಿರು. ಥೋರೋನ ಕೈಯಾದರೂ ಅಲ್ಲಿ ಸೋಲುತ್ತಿತ್ತೇನೋ!

ಇಲ್ಲಿ ಕ್ಯಾಮೆರಾ ಪ್ರವೇಶಿಸುತ್ತದೆ. ನೀರಿನೊಳಗೆ ಚಿತ್ರ ತೆಗೆಯುವ ವಿದ್ಯೆ ಹೊಸದೇನಲ್ಲ. ಫ್ರಾನ್ಸಿನ ವಿಜ್ಞಾನಿ ಲೂಯಿ ಬೂತಾನ್ 1893ರಷ್ಟು ಹಿಂದೆಯೇ ಸಮುದ್ರದೊಳಗೆ ಛಾಯಾಚಿತ್ರ ತೆಗೆದಿದ್ದ. ಆದರೆ ಅದು ವಿದ್ವಾಂಸರ ಕೆಲಸವಾಗಿ ಉಳಿಯಿತು. ಸಾಮಾನ್ಯ ಬೇಟೆಗಾರನು ಕೊಂಡು, ಹೆಗಲಿಗೆ ಹಾಕಿಕೊಂಡು ಮಂಜುಗಡ್ಡೆಯ ಮೇಲೆ ನಡೆಯಬಹುದಾದಂಥ ನೀರೊಳಗಿನ ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದು 1990ರ ದಶಕದ ಕೊನೆಯ ಭಾಗದಲ್ಲಿ. ಮುಷ್ಟಿಯಲ್ಲಿ ಅಡಗುವ ಒಂದು ಕಣ್ಣು, ಅದಕ್ಕೊಂದು ಉದ್ದನೆಯ ಕೇಬಲ್, ಮೇಲೆ ಒಂದು ಪರದೆ, ಒಂದು ಬ್ಯಾಟರಿ. ಇಷ್ಟೇ ಅದರ ಸಂಸಾರ.

ಅದನ್ನು ಬಳಸುವುದರಲ್ಲಿಯೂ ನಯವಿದೆ. ಗಾಳದ ರಂಧ್ರದಲ್ಲಿಯೇ ಕ್ಯಾಮೆರಾ ಇಳಿಸಿದರೆ, ಸಿಕ್ಕಿದ ಮೀನು ಸುತ್ತಿ ಬಂದು ದಾರವನ್ನು ಕೇಬಲಿಗೆ ಹೆಣೆದುಬಿಡಬಹುದು. ಆದ್ದರಿಂದ ಎರಡು ಮೂರು ಅಡಿ ದೂರದಲ್ಲಿ ಇನ್ನೊಂದು ರಂಧ್ರ ಕೊರೆದು, ಗಾಳದ ಮಟ್ಟಕ್ಕೆ ಕ್ಯಾಮೆರಾ ಇಳಿಸಿ, ಮೆಲ್ಲಗೆ ತಿರುಗಿಸಿ, ಗಾಳ ಪರದೆಯ ನಡುವಿಗೆ ಬರುವಂತೆ ಹೊಂದಿಸುತ್ತಾರೆ. ತಳದ ಕೆಸರು ಕದಡಿದರೆ ಅದು ಕುಳಿತುಕೊಳ್ಳುವವರೆಗೆ ಕಾಯಬೇಕು. ಹಗಲಿನಲ್ಲಿ ಮಂಜುಗಡ್ಡೆಯ ಮೂಲಕ ಇಳಿಯುವ ಬೆಳಕೇ ಎಷ್ಟೋ ಸಲ ಸಾಕಾಗುತ್ತದೆ. ಕತ್ತಲಾದಾಗ ಬಿಳಿಯ ದೀಪ ಹಾಕಿದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು ಪರದೆಯ ತುಂಬ ಮಂಜು ಕವಿದಂತಾಗುತ್ತದೆ. ಮೀನಿನ ಕಣ್ಣಿಗೆ ಬಹುಮಟ್ಟಿಗೆ ಕಾಣದ ಅವಕೆಂಪು ಬೆಳಕನ್ನು ಬಳಸುವುದುಂಟು. ಆದರೆ ನೀರು ಅದನ್ನು ಕೆಲವೇ ಅಡಿಗಳಲ್ಲಿ ನುಂಗಿಬಿಡುತ್ತದೆ.

ಹೀಗೆ ಕಣ್ಣು ತೆರೆದ ಮೊದಲ ದಿನ ಬೇಟೆಗಾರರಿಗೆ ಆಗುವ ಅನುಭವ ಸಂತೋಷಕ್ಕಿಂತ ಹೆಚ್ಚಾಗಿ ಬೆರಗಿನದು. ಏನೂ ಇಲ್ಲವೆಂದು ತಿಳಿದ ಕಡೆಯಲ್ಲಿ ಮೀನುಗಳ ಓಡಾಟವೇ ನಡೆದಿದೆ! ಒಂದು ಪರ್ಚ್ ಬರುತ್ತದೆ, ಗಾಳದಿಂದ ಗೇಣು ದೂರದಲ್ಲಿ ನಿಂತು ದಿಟ್ಟಿಸುತ್ತದೆ, ಹಿಂದಕ್ಕೆ ಸರಿಯುತ್ತದೆ, ಮತ್ತೆ ಬರುತ್ತದೆ. ಬ್ಲೂಗಿಲ್ ಮೂಗು ತಾಗುವಷ್ಟು ಸಮೀಪದಲ್ಲಿ ರೆಕ್ಕೆಯಾಡಿಸುತ್ತಾ ನಿಲ್ಲುತ್ತದೆ. ಗಾಳ ಮಾಯವಾಗುತ್ತದೆ. ಕಿವಿರಿನ ಮುಚ್ಚಳ ಒಮ್ಮೆ ಅಗಲುತ್ತದೆ. ಗಾಳ ಮತ್ತೆ ಪ್ರತ್ಯಕ್ಷವಾಗುತ್ತದೆ. ಮೇಲೆ ಬೆರಳು ಮಾತ್ರ ಏನನ್ನೂ ಅರಿಯದೆ ಚಳಿಯಲ್ಲಿ ಕುಳಿತಿದೆ. ಒಂದು ಜೀವಮಾನವೆಲ್ಲ ‘ಇಂದು ಮೀನೇ ಇರಲಿಲ್ಲ’ ಎಂದು ಹೇಳಿಕೊಂಡು ಮನೆಗೆ ಮರಳಿದವನಿಗೆ, ಆ ದಿನಗಳಲ್ಲಿ ಎಷ್ಟು ಮೀನುಗಳು ಬಂದು ಬಾಗಿಲು ತಟ್ಟಿ ಹೋಗಿದ್ದವೋ ಎಂಬ ವಿಚಾರ ಹೊಳೆಯದೆ ಇರದು.

ಕಂಡಿತೆಂದ ಮಾತ್ರಕ್ಕೆ ಹಿಡಿದಂತಾಯಿತೆ? ಇಲ್ಲ. ಪರದೆಯಲ್ಲಿ ಮೀನು ಕಂಡೊಡನೆ ಹೊಸಬನ ಕೈ ಕೋಲನ್ನು ಎತ್ತಿಬಿಡುತ್ತದೆ. ಮೀನಿನ ತಲೆ ಮುಂದಕ್ಕೆ ಬಂದದ್ದೇ ಅವನಿಗೆ ಕಚ್ಚಿದಂತೆ ತೋರುತ್ತದೆ. ಬಾಯಿಗೆ ಬಾರದ ಗಾಳ ಮೀನಿನ ಮುಖದ ಮುಂದಿನಿಂದ ಹಾರಿಹೋದರೆ ಮೀನು ಬೆದರುತ್ತದೆ. ಮೀನಿನ ಮೈಯ ಇಕ್ಕೆಲದಲ್ಲಿ ಒಂದು ಪಾರ್ಶ್ವರೇಖೆಯಿದೆ. ನೀರಿನ ಸಣ್ಣ ಕದಲಿಕೆಯನ್ನೂ ಅದು ಗ್ರಹಿಸುತ್ತದೆ. ಅದಕ್ಕೆ ಮೈಯೆಲ್ಲ ಕಿವಿಯೆಂದರೂ ಸಲ್ಲುತ್ತದೆ. ಆದ್ದರಿಂದ ಅನುಭವಿಗಳು ಮೀನನ್ನು ನೋಡಬೇಡ, ಗಾಳವನ್ನು ನೋಡು ಎಂದು ಹೇಳಿಕೊಡುತ್ತಾರೆ. ಗಾಳ ಕಾಣದಾಗಬೇಕು, ಕಿವಿರು ಅಗಲಬೇಕು. ಆಗ ಕೈ ಮಣಿಕಟ್ಟಿನಷ್ಟೇ ಮೇಲೇಳಬೇಕು. ಇನ್ನೊಂದು ಸ್ವಾರಸ್ಯವೂ ಇದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕು. ಚರ್ಮಕ್ಕೆ ತಾಗಿದ್ದಕ್ಕೆ ಅದಕ್ಕಿಂತ ತುಸು ಕಡಿಮೆ ಕಾಲ ಸಾಕು. ಅಂದರೆ ಕೈ ಕಣ್ಣಿಗಿಂತ ಚುರುಕು. ಆದರೆ ಸುದ್ದಿ ಅದಕ್ಕೆ ತಲಪಬೇಕಷ್ಟೆ. ಕ್ಯಾಮೆರಾದ ನಿಜವಾದ ಉಪಯೋಗ ಕೈಯ ಕೆಲಸವನ್ನು ಕಣ್ಣಿಗೆ ವಹಿಸುವುದರಲ್ಲಿಲ್ಲ. ಮೆಲುಗಚ್ಚು ಎಂದರೆ ಹೇಗಿರುತ್ತದೆಂದು ಕಣ್ಣಿನ ಮೂಲಕ ಕೈಗೆ ಕಲಿಸುವುದರಲ್ಲಿದೆ.

ಇಂಥ ಒಂದು ಗುಡಿಸಲಿನೊಳಗಣ ನೋಟವನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮುದುಕರೊಬ್ಬರು, ಅವರ ಹತ್ತು ವರ್ಷದ ಮೊಮ್ಮಗಳು. ಐವತ್ತು ಚಳಿಗಾಲ ಗಾಳ ಹಿಡಿದ ಕೈ ಅದು. ಈಗ ವಯಸ್ಸಿನಿಂದ ಬೆರಳ ತುದಿಗಳು ಜೋಮು ಹಿಡಿದಂತಿವೆ. ಕಪ್ಪಿನ ಬಿಸಿಯೇ ಸರಿಯಾಗಿ ತಿಳಿಯದು, ಇನ್ನು ಮೀನಿನ ಉಸಿರು ತಿಳಿಯುವುದೆಲ್ಲಿ ಬಂತು? ಇಷ್ಟು ದಿನ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಈ ವರ್ಷ ಚಳಿ ಹೆಚ್ಚು, ಮನೆಯಲ್ಲಿಯೇ ಇರುತ್ತೇನೆ ಎಂದಿದ್ದರು. ಮಗ ಕ್ಯಾಮೆರಾ ತಂದುಕೊಟ್ಟಾಗ ಇದೆಂಥ ಬೇಟೆಯೆಂದು ಮುಖ ತಿರುವಿದವರೂ ಅವರೇ. ಮೊಮ್ಮಗಳ ಬಲವಂತಕ್ಕೆ ಬಂದಿದ್ದಾರೆ. ಹುಡುಗಿಯ ಕಣ್ಣು ಪರದೆಯ ಮೇಲೆ, ಮುದುಕರ ಕೈ ಕೋಲಿನ ಮೇಲೆ.

“ಬಂತು ಅಜ್ಜ, ಒಂದು ಬಂತು. ನೋಡುತ್ತಾ ಇದೆ. ಹೋಯಿತು... ಇಲ್ಲ, ತಿರುಗಿತು.”

“ಅವಸರ ಬೇಡ ಮಗು. ಗಾಳ ಕಾಣುತ್ತಿದೆಯೊ?”

“ಕಾಣುತ್ತಿದೆ. ಕಾಣುತ್ತಿದೆ... ಈಗ!”

ಕೈ ಮೇಲೇಳುತ್ತದೆ, ಕೋಲು ಬಾಗುತ್ತದೆ. ಬೆರಳಿಗೆ ತಿಳಿಯದ ಸುದ್ದಿ ತೋಳಿಗೆ ತಿಳಿಯುತ್ತದೆ. ಮುದುಕರು ನಗುತ್ತಾರೆ. ಇನ್ನೂ ಕೆಲವು ಮೀನುಗಳಾದ ಮೇಲೆ ಅವರು ಆಟವನ್ನು ತಿರುಗಿಸುತ್ತಾರೆ. ಈಗ ಹುಡುಗಿ ಪರದೆಗೆ ಬೆನ್ನು ಮಾಡಿ, ಕೈಗವಸು ತೆಗೆದು, ದಾರವನ್ನು ಎರಡು ಬೆರಳಿನಲ್ಲಿ ಹಿಡಿದು ಕಣ್ಣು ಮುಚ್ಚಬೇಕು. ಕಚ್ಚಿತೆಂದು ತೋರಿದಾಗ ಹೇಳಬೇಕು. ಸರಿಯೋ ತಪ್ಪೋ ಎಂದು ಅಜ್ಜ ಪರದೆ ನೋಡಿ ತೀರ್ಪು ಕೊಡುತ್ತಾರೆ. ಮೊದಲ ಸಲ ಈಗ ಎಂದಳು, ಮೀನೇ ಇರಲಿಲ್ಲ. ಎರಡನೆಯ ಸಲ ಮೀನು ಬಂದು ಬಾಯಿಟ್ಟು ಹೋಯಿತು. ಅವಳು ಸುಮ್ಮನೆ ಕುಳಿತಿದ್ದಳು. ಮೂರನೆಯ ಸಲ ಬಹಳ ಹೊತ್ತು ಮೌನ. ಆಮೇಲೆ, ತನಗೇ ನಂಬಿಕೆಯಿಲ್ಲದವಳಂತೆ, “ಅಜ್ಜ, ದಾರ ಹಗುರವಾಯಿತು” ಎಂದಳು. ಪರದೆಯಲ್ಲಿ ಗಾಳ ಕಾಣುತ್ತಿರಲಿಲ್ಲ.

ತನ್ನ ಕೈಯಿಂದ ಜಾರಿಹೋಗುತ್ತಿದ್ದ ವಿದ್ಯೆ ಇನ್ನೊಂದು ಕೈಯನ್ನು ಸೇರುವುದನ್ನು ಕಣ್ಣಾರೆ ಕಾಣುವ ಭಾಗ್ಯ ಎಷ್ಟು ಜನ ಮುದುಕರಿಗೆ ದೊರೆತೀತು? ಯಂತ್ರವನ್ನು ಹಳಿಯುವವರು ಈ ಲಾಭವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಳಿಯುವವರಿಲ್ಲವೆಂದಲ್ಲ, ಅವರ ಮಾತಿನಲ್ಲಿ ಹುರುಳಿಲ್ಲವೆಂದೂ ಅಲ್ಲ. ಕಾಣದಿರುವುದೇ ಬೇಟೆಯ ರಸ ಎನ್ನುತ್ತಾರೆ ಅವರು. ದಾರದ ಕೊನೆಯಲ್ಲಿ ಏನಿದೆಯೋ ಎಂಬ ಆಸೆ ಸತ್ತರೆ ಉಳಿಯುವುದೇನು? ಲಕೋಟೆ ಒಡೆಯುವ ಮೊದಲೇ ಪತ್ರದಲ್ಲಿರುವುದನ್ನು ಯಾರೋ ಹೇಳಿಬಿಟ್ಟಂತೆ. ಗುಡಿಸಲಿನಲ್ಲಿ ಕುಳಿತು ಹರಟೆ ಹೊಡೆಯುತ್ತಿದ್ದ ಗೆಳೆಯರು ಈಗ ಪರದೆಯೊಂದರ ಮುಂದೆ ಸಾಲಾಗಿ ಕುಳಿತಿದ್ದಾರೆ. ಮನೆಯಲ್ಲಿ ಬಿಟ್ಟು ಬಂದ ಪರದೆ ಇಲ್ಲಿಗೂ ಬಂದಿತಲ್ಲ ಎಂಬುದು ಅವರ ಕೊರಗು. ಮೀನಿಗೆ ಉಳಿದಿದ್ದ ಒಂದೇ ರಕ್ಷೆ ಮರೆ. ಅದನ್ನೂ ಕಿತ್ತುಕೊಂಡದ್ದು ನ್ಯಾಯವೆ ಎಂಬುದು ಅವರ ಪ್ರಶ್ನೆ.

ಆದರೆ ಮಂಜುಗಡ್ಡೆಯ ಕೆಳಗೆ ಇಣುಕುವ ಆಸೆ ಕ್ಯಾಮೆರಾಕ್ಕಿಂತ ಬಹಳ ಹಳೆಯದು. ಆ ಸರೋವರಗಳ ಮೂಲನಿವಾಸಿಗಳಾದ ಒಜಿಬ್ವೆ ಜನರು ಗಡ್ಡೆಯಲ್ಲಿ ರಂಧ್ರ ಕೊರೆದು, ಅದರ ಮೇಲೆ ಕಡ್ಡಿಗಳ ಗೂಡು ಕಟ್ಟಿ, ಕಂಬಳಿಯನ್ನೋ ತೊಗಲನ್ನೋ ಹೊದಿಸಿ, ಒಳಗೆ ಬೋರಲಾಗಿ ಮಲಗಿ ಕಾಯುತ್ತಿದ್ದರು. ಹೊರಗಿನ ಬೆಳಕು ಮರೆಯಾದೊಡನೆ ರಂಧ್ರ ಕಿಟಕಿಯಾಗುತ್ತದೆ; ನೀರೊಳಗಿನ ಲೋಕ ತಾನಾಗಿ ಬೆಳಗುತ್ತದೆ. ಒಂದು ಕೈಯಿಂದ ಮರದಲ್ಲಿ ಕೆತ್ತಿದ ಮೀನನ್ನು ದಾರದಲ್ಲಿ ಆಡಿಸುತ್ತಾ, ಅದಕ್ಕೆ ಮರುಳಾಗಿ ಬಂದ ದೊಡ್ಡ ಮೀನನ್ನು ಇನ್ನೊಂದು ಕೈಯ ಈಟಿಯಿಂದ ತಿವಿಯುತ್ತಿದ್ದರು. ಕತ್ತಲೆಯ ಗುಡಿಸಲಿನಲ್ಲಿ ಕುಳಿತು ಈಟಿ ಹಿಡಿಯುವ ಪದ್ಧತಿ ಮಿನೆಸೋಟದಲ್ಲಿ ಇಂದಿಗೂ ಇದೆ. ನೋಡುವುದೇ ಅನ್ಯಾಯವಾದರೆ ಆ ಅನ್ಯಾಯ ಪುರಾತನವಾದದ್ದೇ ಸರಿ. ಪ್ರಶ್ನೆಯಿರುವುದು ನೋಡಿದ ಮೇಲೆ ಏನು ಮಾಡಬೇಕೆಂಬುದರಲ್ಲಿ.

ಏಕೆಂದರೆ ಕಣ್ಣಿಗೆ ಕಂಡವನಿಗೆ, ಕುರುಡುಗೈಯವನಿಗಿಲ್ಲದ ಒಂದು ಸ್ವಾತಂತ್ರ್ಯ ದೊರೆಯುತ್ತದೆ: ಎತ್ತದಿರುವ ಸ್ವಾತಂತ್ರ್ಯ. ಕಾಣದೆ ಹಿಡಿದವನು ಮೀನು ಮೇಲೆ ಬಂದ ನಂತರವೇ ಅದು ಚಿಕ್ಕದೋ ದೊಡ್ಡದೋ, ಬೇಕಾದ್ದೋ ಬೇಡವಾದದ್ದೋ ಎಂದು ತಿಳಿಯುತ್ತಾನೆ. ಬೇಡವಾದರೆ ಮರಳಿ ನೀರಿಗೆ ಬಿಟ್ಟರಾಯಿತು ಎಂದುಕೊಳ್ಳುವುದು ಸುಲಭ. ಆದರೆ ಪರ್ಚ್, ಕ್ರಾಪಿ, ವಾಲ್‌ಐ ಮೊದಲಾದ ಮೀನುಗಳ ಹೊಟ್ಟೆಯೊಳಗೆ ಒಂದು ಗಾಳಿಚೀಲವಿದೆ. ಅದರ ಗಾಳಿಯನ್ನು ಅವು ಬಾಯಿಂದ ತೇಗಿ ಹೊರಹಾಕಲಾರವು. ಮೂವತ್ತು ಅಡಿಗೂ ಹೆಚ್ಚಿನ ಆಳದಿಂದ ಬೇಗನೆ ಎಳೆದು ತಂದರೆ ನೀರಿನ ಒತ್ತಡ ಕಡಮೆಯಾಗಿ ಚೀಲ ಉಬ್ಬಿ ಒಳಗಿನ ಅಂಗಗಳನ್ನು ಒತ್ತುತ್ತದೆ. ಅಂಥ ಮೀನನ್ನು ಬಿಟ್ಟರೂ ಅದು ಬದುಕುವುದು ಸಂದೇಹ. ದಯೆಯಿಂದ ಬಿಟ್ಟೆನೆಂದು ಬೇಟೆಗಾರ ಸಮಾಧಾನಪಡುತ್ತಾನೆ. ಮೀನು ಗಡ್ಡೆಯ ಕೆಳಗೆ ಹೋಗಿ ಸಾಯುತ್ತದೆ. ಪರದೆಯಲ್ಲಿ ಕಂಡವನಾದರೋ ಚಿಕ್ಕ ಮೀನು ಬಾಯಿ ತೆರೆಯುವ ಮೊದಲೇ ಗಾಳವನ್ನು ಮೆಲ್ಲಗೆ ಸರಿಸಬಲ್ಲ. ಹಿಡಿದು ಬಿಡುವುದಕ್ಕಿಂತ ಹಿಡಿಯದೆ ಬಿಡುವುದು ದೊಡ್ಡ ದಯೆ.

ಈ ಸಂಯಮ ಏಕೆ ಅಗತ್ಯವೆಂಬುದನ್ನು ಮಿಲ್ ಲ್ಯಾಕ್ಸ್ ಸರೋವರವೇ ಕಲಿಸಿತು. ಅಲ್ಲಿನ ಕೀರ್ತಿಗೆಲ್ಲ ಕಾರಣ ವಾಲ್‌ಐ ಮೀನು. ಬೆಕ್ಕಿನ ಕಣ್ಣಿನಲ್ಲಿರುವಂತೆ ಅದರ ಕಣ್ಣಿನ ಹಿಂಭಾಗದಲ್ಲಿಯೂ ಬೆಳಕನ್ನು ಪ್ರತಿಫಲಿಸುವ ಪದರವಿದೆ. ಅದರಿಂದ ಅದು ಮಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ, ಮಬ್ಬನ್ನೇ ಬಯಸುತ್ತದೆ. ಮರಿಗಳು ಸಾಕಷ್ಟು ಸಂಖ್ಯೆಯಲ್ಲಿ ಬೆಳೆದು ಉಳಿಯದೆ ಅದರ ಸಂತತಿ ಕುಗ್ಗಿದ್ದರಿಂದ 2016ರ ಬೇಸಿಗೆಯಲ್ಲಿ ಅಲ್ಲಿ ಹಿಡಿದ ವಾಲ್‌ಐ ಮೀನನ್ನೆಲ್ಲ ಮರಳಿ ನೀರಿಗೆ ಬಿಡಬೇಕೆಂದು ಸರಕಾರ ವಿಧಿಸಬೇಕಾಯಿತು. ಇದರೊಡನೆ ಇನ್ನೊಂದು ಸಂಗತಿಯೂ ಸೇರಿದೆ. ಹೊರಗಿನಿಂದ ಬಂದ ಜೀಬ್ರಾ ಮಸೆಲ್ ಎಂಬ ಪಟ್ಟೆಪಟ್ಟೆಯ ಸಣ್ಣ ಚಿಪ್ಪುಜೀವಿ 2005ರಲ್ಲಿ ಆ ಸರೋವರದಲ್ಲಿ ಕಾಣಿಸಿಕೊಂಡಿತು. ನೀರನ್ನು ಸೋಸಿ, ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ತಿಂದು ಬದುಕುವ ಪ್ರಾಣಿಯದು. ಅದು ಹೆಚ್ಚಿದಷ್ಟೂ ನೀರು ತಿಳಿಯಾಗುತ್ತದೆ. ತಿಳಿನೀರು ಕ್ಯಾಮೆರಾದವನಿಗೆ ವರ; ಮಬ್ಬನ್ನು ಬಯಸುವ ವಾಲ್‌ಐಗೆ ಅದು ವರವಲ್ಲ. ಪರದೆಯ ಚಿತ್ರ ಸ್ಫುಟವಾಗಿ ಕಂಡಿತೆಂದು ಹಿಗ್ಗುವವನು, ಅದೇಕೆ ಸ್ಫುಟವಾಯಿತೆಂಬುದನ್ನೂ ಒಮ್ಮೆ ಯೋಚಿಸಬೇಕಾಗುತ್ತದೆ.

ಮೆಲುಗಚ್ಚಿನ ಪಾಠ ಮೀನಿಗಷ್ಟೇ ಮೀಸಲಾದುದೆ ಎಂದು ಸಂಸಾರವಂದಿಗರಾದ ವಾಚಕರು ಕೇಳಬಹುದು. ಮನೆಯಲ್ಲಿಯೂ ಗಟ್ಟಿಯಾಗಿ ದಾರ ಜಗ್ಗುವವರ ಸುದ್ದಿ ಬೇಗ ತಿಳಿಯುತ್ತದೆ. ಬಾಗಿಲವರೆಗೆ ಬಂದು, ಏನೋ ಹೇಳಹೊರಟು, ‘ಏನಿಲ್ಲ’ ಎಂದು ಹಿಂದಿರುಗುವ ಮಗನ ಸುದ್ದಿ ತಿಳಿಯುವುದಿಲ್ಲ. ಸದಾ ಬಿಗಿಯಾಗಿದ್ದ ದಾರ ಒಂದು ದಿನ ಸಡಿಲವಾದದ್ದೂ ಒಂದು ಸಂಜ್ಞೆಯೇ ಎಂದು ಹೊಳೆಯುವ ಹೊತ್ತಿಗೆ ಕಾಲ ಮೀರಿರುತ್ತದೆ. ಅಲ್ಲಿಗೆ ಇಳಿಬಿಡಬಹುದಾದ ಕ್ಯಾಮೆರಾವನ್ನು ಯಾವ ಕಂಪನಿಯೂ ಮಾಡಿಲ್ಲ, ಮಾಡದಿರುವುದೇ ಒಳ್ಳೆಯದು. ಕೈಯನ್ನು ಪಳಗಿಸಿಕೊಳ್ಳುವುದೊಂದೇ ದಾರಿ.

ಹಾಗಾದರೆ ಮೀನಿನ ಹೆಜ್ಜೆಯನ್ನು ಮನುಷ್ಯ ಕಂಡೇಬಿಟ್ಟನೆ? ಹಳೆಯ ಮಾತನ್ನು ಇಷ್ಟು ಬೇಗ ತಿದ್ದುವ ಅಗತ್ಯವಿಲ್ಲ. ಕ್ಯಾಮೆರಾದ ಕಣ್ಣು ಕಾಣುವುದು ನೀರು ಬಲು ತಿಳಿಯಾಗಿದ್ದರೂ ಕೆಲವು ಗಜ. ಮಬ್ಬಾಗಿದ್ದರೆ ಎರಡು ಮೂರು ಅಡಿ. ಸರೋವರದ ವಿಸ್ತಾರವೋ ಲಕ್ಷ ಎಕರೆಗೂ ಮಿಗಿಲು. ಪರದೆಯ ಎಡ ಅಂಚಿನಿಂದ ಬಂದ ಮೀನು ಬಲ ಅಂಚಿನಲ್ಲಿ ಕಣ್ಮರೆಯಾಗುತ್ತದೆ. ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು ಎಂಬುದು ಥೋರೋನ ಕಾಲದಲ್ಲಿದ್ದಷ್ಟೇ ಗುಟ್ಟು. ಚಳಿಗೆ ಬ್ಯಾಟರಿಯೂ ಬೇಗ ಸೋಲುತ್ತದೆ. ಪರದೆ ಆರಿದಾಗ ಗುಡಿಸಲಿನಲ್ಲಿ ಉಳಿಯುವುದು ಮೊದಲಿನಂತೆಯೇ ಒಂದು ರಂಧ್ರ, ಒಂದು ದಾರ, ಎರಡು ಬೆರಳು. ಆದರೆ ಅವು ಮೊದಲಿನ ಬೆರಳುಗಳಲ್ಲ. ದಾರ ಸುಮ್ಮನಿದ್ದರೂ ಕೆಳಗೆ ಯಾರೋ ಬಂದು ನಿಂತಿರಬಹುದೆಂದು ಅವು ಈಗ ಬಲ್ಲವು.